ಕೋಳಿ ಕೇಳಿ ಗೂಡು ಕೊಳ್ಳುವುದು

ಕೋಳಿ ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ಒಪ್ಪೋಣ. ಗೂಡು ಕೊಳ್ಳುವಾಗಲಾದರೂ ಅದನ್ನೊಂದು ಮಾತು ಕೇಳಬಹುದಿತ್ತು. ಪ್ಲಾಸ್ಟಿಕ್ ಕೋಳಿಗೂಡಿನ ಚಿತ್ರ ನೋಡಿದವರು ಮೊದಲು ವಿಚಾರಿಸುವುದು ಅದರ ಬಣ್ಣವನ್ನು. ಹಿತ್ತಲಿನ ಗೋಡೆಗೆ ಹಸಿರು ಹೊಂದುತ್ತದೋ ಕೆಂಪು ಹೊಂದುತ್ತದೋ ಎಂಬ ಚರ್ಚೆ ಮನೆಯೊಳಗೆ ಎರಡು ದಿನ ನಡೆಯುತ್ತದೆ. ಕೋಳಿ ಆ ಗೂಡಿಗೆ ಹೋಗುವುದು ಕತ್ತಲಾಗುವ ಹೊತ್ತಿಗೆ, ಹೊರಬರುವುದು ಬೆಳಕು ಹರಿದಾಗ. ಗೂಡು ಅದಕ್ಕೆ ಮನೆಯಲ್ಲ, ಬರೀ ಮಲಗುವ ಕೋಣೆ. ಕತ್ತಲಲ್ಲಿ ಮಲಗುವವರಿಗೆ ಬಣ್ಣದ ಗೊಡವೆಯಿಲ್ಲ, ಉಸಿರಾಡಲು ಗಾಳಿ ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಈ ಗೂಡಿಗೆ ಹೆಸರು ತಂದುಕೊಟ್ಟದ್ದು ಇಂಗ್ಲೆಂಡು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದ ನಾಲ್ವರು 2004ರಲ್ಲಿ ‘ಎಗ್ಲು’ ಎಂಬ ಗೂಡನ್ನು ಮಾರುಕಟ್ಟೆಗೆ ತಂದರು. ಅದರ ಗೋಡೆಗೆ ಎರಡು ಪದರ. ನಡುವೆ ಸಿಕ್ಕಿಕೊಂಡ ಗಾಳಿ ಚಳಿಯನ್ನು ತಡೆಯುತ್ತದೆ. ಅಲ್ಲಿನವರು ಪ್ಲಾಸ್ಟಿಕ್ ಮೆಚ್ಚಲು ಇನ್ನೂ ದೊಡ್ಡ ಕಾರಣ ಕೆಂಪು ನುಸಿ. ಹಗಲೆಲ್ಲ ಮರದ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಹತ್ತಿಬಂದು ರಕ್ತ ಹೀರುವ ಜೀವ. ಸೆಕೆಗಾಲದಲ್ಲಿ ಮೊಟ್ಟೆಯಿಂದ ಬಲಿತ ನುಸಿಯಾಗಲು ಒಂದು ವಾರ ಸಾಕು. ಮರದ ಗೂಡಿಗೆ ಒಮ್ಮೆ ಹೊಕ್ಕರೆ ಸುಟ್ಟರೂ ಹೋಗದು ಎಂಬಷ್ಟು ಕಾಟ. ಪ್ಲಾಸ್ಟಿಕ್ಕಾದರೆ ಬಿಚ್ಚಿ, ನೀರು ರಭಸವಾಗಿ ಹೊಡೆದು, ಬಿಸಿಲಿಗೆ ಒಣಗಿಸಿದರೆ ಬಹುಪಾಲು ಮುಗಿಯಿತು. ನಮ್ಮ ಬಿದಿರಿನ ಬುಟ್ಟಿಗೂ ಹಳೇ ಹಲಗೆಯ ಪೆಟ್ಟಿಗೆಗೂ ಇದೇ ರೋಗವಿರುವುದರಿಂದ ಆ ಲಾಭ ನಮಗೂ ಉಂಟು.

ಆದರೆ ಚಳಿಗೆ ಹೊಲಿದ ಅಂಗಿಯನ್ನು ರಾಯಚೂರಿನ ಏಪ್ರಿಲ್ಲಿನಲ್ಲಿ ತೊಡಿಸಿದರೆ ಹೇಗೆ? ಕೋಳಿಯ ಮೈಬಿಸಿಯೇ 41 ಡಿಗ್ರಿ ದಾಟಿರುತ್ತದೆ, ಅದಕ್ಕೆ ಬೆವರೂ ಇಲ್ಲ. ಬಾಯಿ ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡುವುದೊಂದೇ ದಾರಿ. ಹೀಗಾಗಿ ನಮ್ಮ ಕಡೆ ಗೂಡು ಆರಿಸುವಾಗ ಗೋಡೆ ಎಷ್ಟು ದಪ್ಪ ಎಂದು ಕೇಳುವ ಮೊದಲು ಗೋಡೆ ಎಷ್ಟು ಕಡಿಮೆ ಎಂದು ಕೇಳಬೇಕು. ಒಂದು ಪಕ್ಕವಾದರೂ ಪೂರ್ತಿ ಬಲೆಯಾಗಿರಲಿ. ಎದುರು ಪಕ್ಕದಲ್ಲಿ, ಕೂತ ಕೋಳಿಯ ತಲೆಗಿಂತ ಮೇಲೆ, ಬಿಸಿಗಾಳಿ ಹೊರಹೋಗುವ ಕಿಂಡಿ ಬೇಕು. ಇಲ್ಲದಿದ್ದರೆ ಗರಗಸದಲ್ಲಿ ಕೊಯ್ದು ಮಾಡಿಕೊಳ್ಳಬಹುದು. ಎರಡು ಪದರದ ಗೋಡೆ ಕೊಯ್ದಾಗ ಮಾತ್ರ ಅಂಚಿನ ಟೊಳ್ಳನ್ನು ಸಿಲಿಕೋನಿನಿಂದ ಮುಚ್ಚಲೇಬೇಕು. ಬಿಟ್ಟರೆ ಇರುವೆಗೂ ನುಸಿಗೂ ನಾವೇ ಕೈಯಾರೆ ಬಾಡಿಗೆ ಮನೆ ಕಟ್ಟಿಕೊಟ್ಟ ಹಾಗೆ.

ಚಳಿಗಾಲದಲ್ಲಿ ಕಿಂಡಿ ಮುಚ್ಚುವವರಿದ್ದಾರೆ, ಕರುಣೆಯಿಂದ. ಮರವಾದರೆ ಕೋಳಿಯ ಉಸಿರಿನ ತೇವವನ್ನು ಸ್ವಲ್ಪವಾದರೂ ಹೀರುತ್ತದೆ, ಪ್ಲಾಸ್ಟಿಕ್ ಹೀರುವುದಿಲ್ಲ. ಬೆಳಗ್ಗೆ ಒಳಗೋಡೆಯಲ್ಲಿ ನೀರು ಹನಿಕಟ್ಟಿ ಇಳಿಯುತ್ತದೆ, ಹೊಟ್ಟು ಒದ್ದೆಯಾಗುತ್ತದೆ, ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ವಾರದೊಳಗೆ ಕೋಳಿಗಳು ಗೊರಗೊರ ಎನ್ನತೊಡಗುತ್ತವೆ. ಪರೀಕ್ಷೆ ಸುಲಭ: ಮುಂಜಾನೆ ಬಾಗಿಲು ತೆಗೆದ ಕೂಡಲೇ ನಿಮ್ಮ ಮುಖವನ್ನೇ ಒಳಗಿಡಿ. ಕಣ್ಣು ಉರಿದರೆ ಕಿಂಡಿ ಸಾಲದು.

ಡಬ್ಬಿಯ ಮೇಲೆ ‘6 ಕೋಳಿಗಳಿಗೆ’ ಎಂದು ಬರೆದಿರುತ್ತದೆ. ಯಾವ 6 ಕೋಳಿ ಎಂದು ಬರೆದಿರುವುದಿಲ್ಲ. ಅದನ್ನು ನಂಬುವ ಬದಲು ರಾತ್ರಿ ಕೋಳಿ ಕೂರುವ ಒಳಗಿನ ಅಡ್ಡಗೋಲಿನ ಉದ್ದ ಅಳೆಯಿರಿ. ನಾಟಿ ಹೇಂಟೆಗೆ 20 ಸೆಂಟಿಮೀಟರ್, ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ತೂಕದ ಕೋಳಿಗೆ 25. ಗೋಲು 80 ಸೆಂಟಿಮೀಟರ್ ಇದ್ದರೆ ನಾಟಿ ನಾಲ್ಕು, ಗಿರಿರಾಜ ಮೂರು, ಅಷ್ಟೇ. ಗೋಲು 4–5 ಸೆಂಟಿಮೀಟರ್ ಅಗಲವಿದ್ದು ಅಂಚು ದುಂಡಗಿರಬೇಕು, ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ತಗ್ಗಿನಲ್ಲಿದ್ದರೆ ಕೋಳಿಗಳು ಎತ್ತರದ ಪೆಟ್ಟಿಗೆಯಲ್ಲೇ ಮಲಗಿ, ಮೊಟ್ಟೆಗೆಲ್ಲ ಹಿಕ್ಕೆ ಬಳಿದಿಡುತ್ತವೆ. ಗಿರಿರಾಜವಾದರೆ ಗೂಡಿನ ನೆಲದಿಂದ ಒಂದಡಿ ಸಾಕು. ಎತ್ತರದಿಂದ ಧುಮುಕಿದರೆ ಆ ಭಾರಕ್ಕೆ ಅಂಗಾಲು ಬಾತುಕೊಳ್ಳುತ್ತದೆ. ನುಣುಪಾದ ಪ್ಲಾಸ್ಟಿಕ್ ಗೋಲು ಜಾರುತ್ತದೆಂದು ಕೆಲವರು ಹಗ್ಗ ಸುತ್ತುತ್ತಾರೆ. ಹಗ್ಗದ ಎಳೆಗಿಂತ ಒಳ್ಳೆಯ ಅಡಗುತಾಣ ನುಸಿಗೆ ಬೇರೆಲ್ಲಿ ಸಿಕ್ಕೀತು? ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿದರೆ ಮುಗಿಯಿತು.

ಜೋಡಿಸುವ ಕೆಲಸಕ್ಕೆ ಡ್ರಿಲ್ ಮುಟ್ಟಬೇಡಿ. ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂವನ್ನು ಡ್ರಿಲ್ಲಿನಿಂದ ಬಿಗಿದರೆ ಒಂದೇ ಸುತ್ತಿನಲ್ಲಿ ಥ್ರೆಡ್ ಹೋಗಿ ಸ್ಕ್ರೂ ಸುಮ್ಮನೆ ತಿರುಗುತ್ತಿರುತ್ತದೆ. ಕೈಯಿಂದಲೇ, ಎಲ್ಲ ಹಲಗೆ ಕೂರುವವರೆಗೆ ಸಡಿಲವಾಗಿ, ಚಾವಣಿ ಕೂತ ಮೇಲೆ ಮೂಲೆಯಿಂದ ಎದುರು ಮೂಲೆಗೆ ಬಿಗಿಯುತ್ತ ಬನ್ನಿ. ಆಗಲೂ ಪೂರ್ತಿ ಅಲ್ಲ. ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಮೀಟರ್ ಉದ್ದದ ಹಲಗೆ ಬೆಳಗಿನ 18 ಡಿಗ್ರಿಯಿಂದ ಬಿಸಿಲಿನ 45ಕ್ಕೆ ಏರುವಷ್ಟರಲ್ಲಿ 3ರಿಂದ 5 ಮಿಲಿಮೀಟರ್ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಹಲಗೆ ಹೊಟ್ಟೆ ಬಿಟ್ಟ ಹಾಗೆ ಉಬ್ಬುತ್ತದೆ. ಬೆಳಗ್ಗೆ ಬೆಣ್ಣೆಯಂತೆ ಜಾರುವ ಜಾರುಬಾಗಿಲು ಮಧ್ಯಾಹ್ನ ಮೂರಕ್ಕೆ ಹಟ ಹಿಡಿದು ನಿಂತರೆ ಕಾರಣ ಇದೇ. ತಳಪಾಯ ಓರೆಯಾಗಿದ್ದರಂತೂ ಅದು ಬೆಳಗ್ಗೆಯೂ ಕದಲದು. ನಾಲ್ಕು ಮೂಲೆಗೆ ಸಿಮೆಂಟ್ ಇಟ್ಟಿಗೆ ಇಟ್ಟು, ನೆಲದಿಂದ ಒಂದಡಿ ಎತ್ತರಿಸಿ, ರಸಮಟ್ಟ ಹಿಡಿದು ನೋಡಿಯೇ ಕೂರಿಸಬೇಕು. ಅಡಿಯಲ್ಲಿ ಗಾಳಿ ಆಡುತ್ತದೆ, ಹೆಗ್ಗಣ ಬಿಲ ತೋಡಿದರೆ ಕಣ್ಣಿಗೆ ಬೀಳುತ್ತದೆ.

ಜಾಗ ಮರದ ನೆರಳಿನಲ್ಲಿರಲಿ, ಕಡೇ ಪಕ್ಷ ಮಧ್ಯಾಹ್ನದ ಬಿಸಿಲು ತಪ್ಪಲಿ. ಯುವಿ ತಡೆ, ಅಂದರೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ ವಸ್ತು, ಸೇರಿಸದ ಪ್ಲಾಸ್ಟಿಕ್ ಬಿಸಿಲಿಗೆ ಬೆಳ್ಳಗೆ ಪುಡಿಪುಡಿಯಾಗಿ, ಒಂದು ದಿನ ಬೆರಳೊತ್ತಿದರೆ ಚಕ್ಕೆ ಏಳುತ್ತದೆ. ಬಾಗಿಲು ಮುಂಗಾರಿನ ಇರಚಲು ಬರುವ ನೈಋತ್ಯಕ್ಕೆ ಮುಖ ಮಾಡದಿರಲಿ. ಕರಾವಳಿಯಲ್ಲಿ ಗೂಡನ್ನು ಗೂಟಕ್ಕೆ ಬಿಗಿಯಲೂ ಬೇಕು. ಹಗುರ ಗೂಡು ಗಾಳಿಗೆ ಪಕ್ಕದ ಮನೆಯ ಬಾವಿಕಟ್ಟೆವರೆಗೆ ಹೋಗಿಬಿಡಬಹುದು.

ಕೋಳಿಬಲೆ ಎಂದು ಅಂಗಡಿಯಲ್ಲಿ ಕೊಡುವ ಆರುಮೂಲೆ ಕಣ್ಣಿನ ತೆಳುತಂತಿ ಕೋಳಿಯನ್ನು ಒಳಗಿಡುತ್ತದೆ, ಕಾಡುಬೆಕ್ಕನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತಂದು, ಅಗಲ ವಾಷರ್ ಹಾಕಿ ಬೋಲ್ಟಿನಿಂದ ಕೂಡಿಸಿ. ಹೊರಾಂಗಣದ ಬೇಲಿಗೂ ಅದೇ ಬಲೆ. ಬುಡದಲ್ಲಿ ಒಂದಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಿದರೆ ಮುಂಗುಸಿ ತೋಡಿ ತೋಡಿ ಸೋಲುತ್ತದೆ. ಮೊಟ್ಟೆ ತೆಗೆಯುವ ಮುಚ್ಚಳದ ಸಂದನ್ನು ಯಾರೂ ನೋಡುವುದಿಲ್ಲ, ಹಾವು ನೋಡುತ್ತದೆ. ಮೇಲೆತ್ತುವ ಬಾಗಿಲಿಗೆ ಕೆಳಗಡೆ ಚಿಲಕವಿರಲಿ. ಬರೀ ತೂಕದಿಂದ ಕೂತ ಬಾಗಿಲನ್ನು ಕಾಡುಬೆಕ್ಕು ಪಂಜ ತೂರಿಸಿ ಎತ್ತಬಲ್ಲದು.

ಒಂದು ಕೋಳಿ ದಿನಕ್ಕೆ 100 ಗ್ರಾಂಗೂ ಹೆಚ್ಚು ಹಿಕ್ಕೆ ಹಾಕುತ್ತದೆ, ಅದರ ದೊಡ್ಡ ಪಾಲು ರಾತ್ರಿ ಗೋಲಿನ ಕೆಳಗೇ ಬೀಳುತ್ತದೆ. ಎಳೆದು ತೆಗೆಯುವ ತಟ್ಟೆ ಇರುವ ಗೂಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಎರಡು ಇಂಚು ಭತ್ತದ ಹೊಟ್ಟು ಹರಡಿ. ಬರೀ ಪ್ಲಾಸ್ಟಿಕ್ ನೆಲದಲ್ಲಿ ಮರಿಗಳ ಕಾಲು ಎರಡು ಕಡೆಗೆ ಜಾರಿ ಸೊಟ್ಟಗಾಗುತ್ತದೆ. ಮೂರ್ನಾಲ್ಕು ಹೇಂಟೆಗೆ ಒಂದಡಿ ಚೌಕದ ಒಂದು ಮೊಟ್ಟೆ ಪೆಟ್ಟಿಗೆ, ಅದರೊಳಗೆ ರಾಗಿಹುಲ್ಲು, ಜೊತೆಗೊಂದು ಪಿಂಗ್‌ಪಾಂಗ್ ಚೆಂಡು. ಯಾರೋ ಆಗಲೇ ಮೊಟ್ಟೆ ಇಟ್ಟಿದ್ದಾರೆ ಎಂದುಕೊಂಡರೆ ಹೇಂಟೆಗೆ ಧೈರ್ಯ. ವಾರಕ್ಕೊಮ್ಮೆ ರಾತ್ರಿ ಟಾರ್ಚ್ ಹಿಡಿದು ಗೋಲಿನ ತುದಿಗಳನ್ನು, ಅದು ಗೋಡೆಗೆ ಸೇರುವಲ್ಲಿ, ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೆಂಪು ಗೀರು ಬಂದರೆ ನುಸಿ ಪ್ಲಾಸ್ಟಿಕ್ಕಿಗೂ ಬಂತು ಎಂದರ್ಥ.

ಹೊಸ ಗೂಡಿಗೆ ಬಿಟ್ಟ ಮೇಲೆ ಮೂರು ದಿನ ಗೂಡು ಮತ್ತು ಅದಕ್ಕೆ ಸೇರಿದ ಬೇಲಿಯೊಳಗೇ ಇರಲಿ, ನೀರು ಮೇವು ಅಲ್ಲೇ ಸಿಗಲಿ. ನಾಲ್ಕನೆಯ ದಿನ ಹೊರಗೆ ಬಿಟ್ಟು, ಮುಸ್ಸಂಜೆಗೆ ಹೋಗಿ ಎಣಿಸಿ. ಒಂದು ಕಡಿಮೆ ಬಂದರೆ ಗೂಡಿನ ಹಿಂದೆ ಮುಂದೆ ಹುಡುಕುವ ಮೊದಲು ತಲೆ ಎತ್ತಿ ನುಗ್ಗೆಮರ ನೋಡಿ. ನಾಟಿ ಹೇಂಟೆ ಅಲ್ಲಿ, ಯುವಿ ತಡೆಯೂ ಇಲ್ಲದ, ಎರಡು ಪದರವೂ ಇಲ್ಲದ ಕೊಂಬೆಯ ಮೇಲೆ ಕಣ್ಣು ಮುಚ್ಚಿ ಕೂತಿರುತ್ತದೆ. ಏಣಿ ತನ್ನಿ. ನುಗ್ಗೆಯ ಕೊಂಬೆ ಹಿಡಿದು ಹತ್ತಬೇಡಿ, ಮುರಿಯುತ್ತದೆ.