ರೇಡಿಯೋ ನಾಟಕ ಮುಗಿದಿಲ್ಲ: ಒಂದು ಸ್ಪಷ್ಟನೆ

ವಿಜಯಪುರದ ಕೆಲವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ರೇಡಿಯೋ ನಾಟಕದ ಕಾಲ ಮುಗಿಯಿತು. ಈಗ ಮೊಬೈಲ್‌ನಲ್ಲಿ ಸಿಗುವುದು ಯಾರೋ ಪುಸ್ತಕ ಓದಿದ್ದು ಅಷ್ಟೇ.’ ಇದು ಸರಿಯಲ್ಲ.

ಬ್ರಿಟನ್ನಿನ ಬಿಬಿಸಿ ರೇಡಿಯೋದಲ್ಲಿ ‘ದಿ ಆರ್ಚರ್ಸ್’ ಎಂಬ ಹಳ್ಳಿ ಬದುಕಿನ ಧಾರಾವಾಹಿ 1951ರಿಂದ ಬರುತ್ತಲೇ ಇದೆ. ಪಾಡ್‌ಕಾಸ್ಟ್ (ಇಂಟರ್ನೆಟ್‌ನಲ್ಲಿ ಬೇಕಾದಾಗ ಕೇಳುವ ಧ್ವನಿ ಕಾರ್ಯಕ್ರಮ) ಬಂದ ಮೇಲಂತೂ ಸಣ್ಣ ಸಣ್ಣ ತಂಡಗಳೂ ನಾಟಕ ಮಾಡುತ್ತಿವೆ.

ಇನ್ನು, ಪುಸ್ತಕ ಓದುವುದೇ ಬೇರೆ, ನಾಟಕವೇ ಬೇರೆ. ಓದುವವರು ‘ಅವ್ವ ರೊಟ್ಟಿ ಬಡಿಯುತ್ತಿದ್ದಳು’ ಅಂತ ಹೇಳಬೇಕು. ನಾಟಕದಲ್ಲಿ ಪಟಪಟ ಸಪ್ಪಳ ಕೇಳಿದರೆ ಸಾಕು, ಅಡುಗೆಮನೆ ಕಣ್ಮುಂದೆ ಬರುತ್ತದೆ. ನಟ ಮಾತಾಡುತ್ತಲೇ ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೆ, ಪಾತ್ರ ಅಂಗಳಕ್ಕೆ ಹೋಯಿತು ಅಂತ ನಮಗೆ ತಿಳಿಯುತ್ತದೆ. ಇದಕ್ಕೆ ಪರದೆ ಬೇಕಿಲ್ಲ, ಅಲ್ವಾ? ದ್ರಾಕ್ಷಿ ತೋಟದಲ್ಲಿ ಕೈ ಕೆಲಸ ಮಾಡುತ್ತಿರುವಾಗಲೂ ಕೇಳಬಹುದು. ಅದರ ಸೆಳೆತ ಉಳಿದಿರುವುದೇ ಇದರಿಂದ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಭಾಗದಲ್ಲಿ ಧಾರವಾಡ ಆಕಾಶವಾಣಿ 1950ರಲ್ಲೇ ಶುರುವಾಯಿತು. ವಿಜಯಪುರದಲ್ಲೂ ಆಕಾಶವಾಣಿ ಕೇಂದ್ರವಿದೆ. ಮನೆಯಲ್ಲಿ ರೇಡಿಯೋ ಇಲ್ಲದಿದ್ದರೂ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಆಕಾಶವಾಣಿಯ ಹಲವು ಕೇಂದ್ರಗಳನ್ನು ಕೇಳಬಹುದು. ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.