ಟೈರ್ ಅಂಗಡೀಲಿ ಮೊದಲು ಕೇಳಬೇಕಾದ್ದು ಕಿಲೋಮೀಟರ್ ಅಲ್ಲ

ಕಾರಿಗೆ ಹೊಸ ಟೈರ್ ಹಾಕಿಸೋಕೆ ಹೋದವರು ಬಹುಪಾಲು ಮೊದಲು ಕೇಳೋದು ಒಂದೇ ಮಾತು: "ಎಷ್ಟು ಸಾವಿರ ಕಿಲೋಮೀಟರ್ ಬರುತ್ತೆ ಅಣ್ಣಾ?" ನಮ್ಮ ನಾಡಿನ ಮಟ್ಟಿಗೆ ಇದು ಎರಡನೇ ಪ್ರಶ್ನೆ ಆಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಲ್ಲಿ ರಸ್ತೆ ಒಣಗೋದೇ ಕಮ್ಮಿ. ಬೆಂಗಳೂರಲ್ಲಿ ಅಕ್ಟೋಬರ್‌ನಲ್ಲೂ ಸಂಜೆ ಮಳೆ ಸುರಿಯುತ್ತೆ. ಹಾಗಾಗಿ ಮೊದಲು ಕೇಳಬೇಕಾದ್ದು, ಮಳೇಲಿ ಬ್ರೇಕ್ ಒತ್ತಿದರೆ ಗಾಡಿ ಹೇಗೆ ನಿಲ್ಲುತ್ತೆ ಅಂತ. ಗಟ್ಟಿ ರಬ್ಬರ್ ನಿಧಾನ ಸವೆಯುತ್ತೆ ನಿಜ, ಆದರೆ ಸಾಮಾನ್ಯವಾಗಿ ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ಕಮ್ಮಿ. ಎರಡೂ ಪೂರ್ತಿಯಾಗಿ ಒಂದೇ ಟೈರಲ್ಲಿ ಸಿಗೋದು ಕಷ್ಟ. ಕೆಲವು ಟೈರ್‌ಗಳ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಅಂಕಿ, ಟ್ರಾಕ್ಷನ್ ಅಂತ ಒಂದು ಅಕ್ಷರ ಅಚ್ಚಾಗಿರುತ್ತೆ. ಅಂಕಿ ಹೆಚ್ಚಿದ್ದಷ್ಟೂ ಬಾಳಿಕೆ ಹೆಚ್ಚು. ಅಕ್ಷರ ಹೇಳೋದು ಒದ್ದೆ ರಸ್ತೆಯ ಬ್ರೇಕಿಂಗ್ ಬಗ್ಗೆ: ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ. ಅಂಕಿ ನೋಡಿ ಮರುಳಾಗಿ ಅಕ್ಷರ ಮರೀಬೇಡಿ.

ಯಾವಾಗ ಬದಲಿಸಬೇಕು? ಟೈರ್ ಮೇಲಿನ ಗ್ರಿಪ್ಪಿನ ತೋಡುಗಳ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬ ಇರುತ್ತೆ. ಅದು ಎಲ್ಲಿದೆ ಅಂತ ತೋರಿಸೋಕೆ ಟೈರಿನ ಪಕ್ಕದ ಗೋಡೆ ಮೇಲೆ ಟಿಡಬ್ಲ್ಯುಐ ಅಂತಲೋ ಪುಟ್ಟ ತ್ರಿಕೋನವೋ ಇರುತ್ತೆ. ಗ್ರಿಪ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತು ಅಂದ್ರೆ ಉಳಿದಿರೋದು 1.6 ಮಿಲಿಮೀಟರ್, ಅಂದ್ರೆ ಕಾನೂನಿನ ಕೊನೇ ಗಡಿ. ಹೊಸ ಟೈರಲ್ಲಿ 7-8 ಮಿ.ಮೀ. ಇರುತ್ತೆ. ಆದರೆ 3 ಮಿ.ಮೀ.ಗೆ ಇಳಿದಾಗಲೇ ನೀರು ಹೊರಗೆ ತಳ್ಳೋ ಶಕ್ತಿ ಚೆನ್ನಾಗಿ ಕುಗ್ಗಿರುತ್ತೆ. ಮೇ ತಿಂಗಳಲ್ಲಿ 3 ಮಿ.ಮೀ. ಇದ್ರೆ "ಈ ಮಳೆಗಾಲ ಒಂದು ಕಳೀಲಿ" ಅನ್ನೋ ಲೆಕ್ಕ ಹಾಕಬೇಡಿ. ಪಕ್ಕದಲ್ಲಿ ಮೊಟ್ಟೆಯ ಹಾಗೆ ಉಬ್ಬಿದ್ರೆ ಒಂದು ದಿನವೂ ಕಾಯಬೇಡಿ. ಗುಂಡಿಗೆ ಬಿದ್ದು ಒಳಗಿನ ನೂಲು ಹರಿದಿದೆ ಅಂತ ಅದರ ಅರ್ಥ, ಅದಕ್ಕೆ ರಿಪೇರಿ ಇಲ್ಲ.

ಹಳೇ ಟೈರ್ ಬಿಚ್ಚಿಸೋ ಮುಂಚೆ ಒಂದು ಕೆಲಸ ಮಾಡಿ. ಅಂಗೈಯನ್ನ ಗ್ರಿಪ್ ಮೇಲೆ ಅಡ್ಡಡ್ಡ ಸವರಿ, ಒಳಗಿಂದ ಹೊರಗೆ, ಹೊರಗಿಂದ ಒಳಗೆ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗರಗಸದ ಹಲ್ಲಿನ ಹಾಗೆ ಚುಚ್ಚಿದ್ರೆ ಅಲೈನ್‌ಮೆಂಟ್, ಅಂದ್ರೆ ಚಕ್ರಗಳು ನಿಲ್ಲೋ ಕೋನ, ತಪ್ಪಿದೆ. ಎರಡೂ ಅಂಚು ಸವೆದು ನಡುವೆ ಉಳಿದಿದ್ರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದೀರಿ. ನಡುವೆ ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ರೆ ಶಾಕ್ ಅಬ್ಸಾರ್ಬರ್ ಅಥವಾ ಸಸ್ಪೆನ್ಷನ್ನಿನ ರಬ್ಬರ್ ಬುಷ್ ನೋಡಿಸಿ. ಇದನ್ನೆಲ್ಲ ಸರಿ ಮಾಡಿಸದೆ ಹೊಸದು ಹಾಕಿದ್ರೆ ಅದೂ ಅದೇ ದಾರಿ ಹಿಡಿಯುತ್ತೆ.

ಸೈಜ್ ವಿಷಯಕ್ಕೆ ಬರೋಣ. 185/65 ಆರ್15 88ಎಚ್ ಅಂತ ಇದ್ರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ 65, ರಿಮ್ 15 ಇಂಚು. 88 ಅಂದ್ರೆ ಒಂದು ಟೈರ್ 560 ಕೆ.ಜಿ. ಹೊರುತ್ತೆ, ಎಚ್ ಅಂದ್ರೆ ಗಂಟೆಗೆ 210 ಕಿ.ಮೀ. ಮಿತಿ. ಕೊನೇ ಎರಡನ್ನ ಯಾರೂ ನೋಡೋದಿಲ್ಲ, ಅಂಗಡಿಯವರೂ ಹೇಳೋದಿಲ್ಲ. ಕಂಪನಿ ಕೊಟ್ಟಿದ್ದಕ್ಕಿಂತ ಹೊರೆಯ ಅಂಕಿ ಕಮ್ಮಿ ಇರೋದನ್ನ ಹಾಕಿಸಲೇಬೇಡಿ. ಅಗಲ ಬೇಕು ಅನ್ನೋರು ಒಟ್ಟು ಎತ್ತರ ಲೆಕ್ಕ ಹಾಕಿ: 185/65 ಆರ್15 ನಿಲ್ಲೋದು 621.5 ಮಿ.ಮೀ., 195/65 ಆದ್ರೆ 634.5, ಶೇ 2ರಷ್ಟು ಹೆಚ್ಚು. 205/65ಕ್ಕೆ ಹೋದ್ರೆ 647.5, ಶೇ 4 ದಾಟುತ್ತೆ. ಆಗ ಮೀಟರ್ 100 ತೋರಿಸೋ ಹೊತ್ತಿಗೆ ಗಾಡಿ ಮುಂಚಿಗಿಂತ 4 ಕಿ.ಮೀ. ಜೋರಾಗಿ ಓಡ್ತಿರುತ್ತೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜಲೂಬಹುದು, ಮೈಲೇಜೂ ಇಳಿಯುತ್ತೆ. ಶೇ 3 ದಾಟಬೇಡಿ. ದಿನಾ ಆಫೀಸಿಗೆ ಹೋಗಿಬರೋ ಗಾಡಿಗೆ ಕಂಪನಿ ಸೈಜೇ ಸಾಕು.

ಬ್ರ್ಯಾಂಡ್ ಬಗ್ಗೆ ಜಗಳ ಬೇಡ. ಎಂಆರ್‌ಎಫ್, ಅಪೊಲೊ, ಸಿಯೆಟ್, ನಮ್ಮ ಮೈಸೂರಲ್ಲೇ ಕಾರ್ಖಾನೆ ಇರೋ ಜೆಕೆ, ಬ್ರಿಜ್‌ಸ್ಟೋನ್, ಮಿಶೆಲಿನ್, ಯೊಕೊಹಾಮಾ ಎಲ್ಲರ ಹತ್ರವೂ ಬಾಳಿಕೆಗೆ ಅಂತ ಒಂದು ಮಾದರಿ, ಹಿಡಿತಕ್ಕೆ ಅಂತ ಇನ್ನೊಂದು ಇರುತ್ತೆ. ಹೆಸರು ನೋಡಬೇಡಿ, ಮಾದರಿ ನೋಡಿ.

ತಯಾರಾದ ದಿನ ಮಾತ್ರ ನೀವೇ ಬಗ್ಗಿ ಓದಬೇಕು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ ನೋಡಿ: 2325 ಅಂದ್ರೆ 2025ರ 23ನೇ ವಾರ. ಒಂದು ಬದಿಗೆ ಮಾತ್ರ ಪೂರ್ತಿ ಇರುತ್ತೆ, ಕಾಣದಿದ್ರೆ ಟೈರ್ ಮಗುಚಿ ಇನ್ನೊಂದು ಬದಿ ನೋಡಿ. ಆರು ತಿಂಗಳೊಳಗಿನದು ಸಿಕ್ಕಿದ್ರೆ ಒಳ್ಳೇದು, ವರ್ಷ ದಾಟಿದ್ದಕ್ಕೆ ಪೂರ್ತಿ ಬೆಲೆ ಕೊಡಬೇಡಿ. ಸೆಕೆಂಡ್ ಹ್ಯಾಂಡ್ ಟೈರ್ ಬೇಡವೇ ಬೇಡ. ಸವೆದ ಟೈರಿನ ಗ್ರಿಪ್ಪನ್ನ ಬಿಸಿ ಬ್ಲೇಡಲ್ಲಿ ಮತ್ತೆ ಕೊರೆದು ಹೊಸದರಂತೆ ಮಾರ್ತಾರೆ. ಕೊರೆದಷ್ಟೂ ಒಳಗಿನ ತಂತಿಗೆ ಹತ್ತಿರ.

ಎರಡೇ ಟೈರ್ ಕೊಳ್ಳೋ ದುಡ್ಡಿದ್ರೆ ಹೊಸವು ಹಿಂದಕ್ಕೆ ಹೋಗಬೇಕು, ಮುಂದಿನ ಚಕ್ರಕ್ಕೆ ಎಳೆತ ಇರೋ ಗಾಡಿ ಆದ್ರೂ ಸರಿ. ಅಂಗಡೀಲಿ ಇದಕ್ಕೆ ವಾದ ಆಗುತ್ತೆ, ಬಿಡಬೇಡಿ. ಒದ್ದೆ ರಸ್ತೇಲಿ ಮುಂದಿನ ಚಕ್ರ ಜಾರಿದ್ರೆ ಗಾಡಿ ನೇರಕ್ಕೆ ಸರಿಯುತ್ತೆ, ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಬಹುತೇಕ ಹಿಡಿತಕ್ಕೆ ಬರುತ್ತೆ. ಚಾರ್ಮಾಡಿ ಘಾಟಿಯ ತಿರುವಲ್ಲಿ ಹಿಂದಿನ ಚಕ್ರ ಜಾರಿದ್ರೆ ಗಾಡಿ ಗಿರಕಿ ಹೊಡೆಯುತ್ತೆ. ಅದನ್ನ ಸ್ಟೇರಿಂಗಲ್ಲಿ ತಿದ್ದೋದು ಹೆಚ್ಚಿನವರ ಕೈಲಿ ಆಗೋದಲ್ಲ.

ಹಾಕೋವಾಗ ಪಕ್ಕದಲ್ಲೇ ನಿಂತಿರಿ. ರಬ್ಬರ್ ವಾಲ್ವ್ ನಾಲ್ಕೂ ಹೊಸದಾಗಲಿ. ಔಟ್‌ಸೈಡ್ ಅಂತ ಬರೆದ ಬದಿ ಹೊರಗೇ ಬರಬೇಕು, ಬಾಣದ ಗುರುತಿದ್ರೆ ಅದು ಮುಂದಕ್ಕೆ ಉರುಳೋ ದಿಕ್ಕಿಗಿರಬೇಕು. ನಟ್ಟುಗಳನ್ನ ನಟ್ ಬಿಗಿಯೋ ಗನ್ನಲ್ಲಿ ಗಿರ್ರನೆ ಬಿಗಿದು ಬಿಡೋದು ಬೇಡ, ಒಂದರ ಎದುರು ಇನ್ನೊಂದರಂತೆ ಟಾರ್ಕ್ ಸ್ಪ್ಯಾನರಲ್ಲಿ (ಬಿಗಿತ ಅಳೆಯೋ ಸ್ಪ್ಯಾನರ್) ಬಿಗಿಸಿ. ಗನ್ನಲ್ಲಿ ಬಿಗಿದ ನಟ್ಟನ್ನ ದಾರೀಲಿ ಪಂಕ್ಚರ್ ಆದಾಗ ಬಿಚ್ಚೋಕೆ ಆಗೋದೇ ಇಲ್ಲ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅವತ್ತೇ ಆಗಲಿ. ನೈಟ್ರೋಜನ್ನಿಗೆ ಬೇರೆ ದುಡ್ಡು ಬೇಡ, ನಾವು ಉಸಿರಾಡೋ ಗಾಳಿಯಲ್ಲೇ ಶೇ 78 ಅದೇ ಇದೆ. ಬಿಲ್ಲಲ್ಲಿ ಜಿಎಸ್‌ಟಿ ಶೇ 18 ಇರಬೇಕು, 2025ರ ಸೆಪ್ಟೆಂಬರ್ 22ರಿಂದ 28 ಇಲ್ಲ. ಟೈರಿನ ಸೀರಿಯಲ್ ನಂಬರನ್ನೂ ಅದರಲ್ಲೇ ಬರೆಸಿ, ವಾರಂಟಿಗೆ ಬೇಕಾಗುತ್ತೆ.

ಮೊದಲ 200-300 ಕಿ.ಮೀ. ಮೆಲ್ಲಗೆ ಓಡಿಸಿ, ಅಚ್ಚಿನಿಂದ ಬಂದ ಜಾರು ಪದರ ಅಷ್ಟರಲ್ಲಿ ಹೋಗುತ್ತೆ. ಗಾಳಿ ಎಷ್ಟು ಅನ್ನೋದು ಡ್ರೈವರ್ ಬಾಗಿಲ ಹತ್ರದ ಸ್ಟಿಕ್ಕರಲ್ಲಿದೆ. ಟೈರ್ ಮೇಲೆ ಅಚ್ಚಾಗಿರೋದು ಗರಿಷ್ಠ ಮಿತಿ, ಅದನ್ನ ತುಂಬಿಸಬೇಡಿ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಹತ್ತಿರದ ಬಂಕಲ್ಲಿ ನೋಡಿಸಿ, ಸ್ಟೆಪ್ನಿ ಸೇರಿಸಿ ಐದಕ್ಕೂ.