ಸ್ಪಷ್ಟನೆ: ಮಗುವಿನ ಬಾಯಿ ಬಿಡಿಸಲು ಅವಸರ ಬೇಡ

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಯುದ್ಧ, ಹೊಡೆದಾಟ ಕಂಡ ಮಗುವನ್ನು ಅಂದೇ ಕೂರಿಸಿ ಎಲ್ಲಾ ಹೇಳಿಸಿ, ಅತ್ತರೆ ಭಯ ಹೋಗುತ್ತದೆ.' ಇದು ತಪ್ಪು. ಹಾಗೆ ಒಮ್ಮೆಲೇ ಕೆದಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮೊದಲು ಊಟ, ನಿದ್ದೆ, ಪಕ್ಕದಲ್ಲಿ ನಂಬಿಕೆಯ ದೊಡ್ಡವರು. ಸುಮ್ನೆ ಕೂತರೂ ಆಯಿತು.

ಭಯ ವಾರಗಟ್ಟಲೆ ಇಳಿಯದಿದ್ದರೆ ಚಿಕಿತ್ಸೆ ಬೇಕು. ಅದರಲ್ಲಿ ನಡೆದದ್ದನ್ನು ಹೇಳಿಸುವುದೂ ಇದೆ, ಆದರೆ ತರಬೇತಿ ಪಡೆದವರ ಜೊತೆ, ಮೆಲ್ಲಗೆ. 'ಕಿಡ್‌ನೆಟ್' ಎಂಬ ವಿಧಾನದಲ್ಲಿ ನಿರಾಶ್ರಿತ ಮಕ್ಕಳು ನೆಲದ ಮೇಲೆ ಹಗ್ಗ ಹಾಸುತ್ತಾರೆ. ಹಗ್ಗವೇ ಬದುಕು. ಕೆಟ್ಟ ದಿನಕ್ಕೆ ಕಲ್ಲು, ಒಳ್ಳೆಯ ದಿನಕ್ಕೆ ಹೂವು. ನಮ್ಮಲ್ಲಾದರೆ ಶಹಾಬಾದ್ ಕಲ್ಲಿನ ಚೂರು, ಚೆಂಡುಹೂವು ಸಾಕು, ಅಲ್ವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.